ಹಿದುಕೋ ಭಾನುವಾರ: ನಮ್ಮ ಮನೆತನದವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಮುಗಿಯುತ್ತಾ ಬಂದರೆ ಸಾಕು, ಫೋನ್ ಶುರು. ಯಾವತ್ತು? ಏನು ತರಬೇಕು? ಈ ಸಲವಾದರೂ ಮಟನ್ ಇದೆಯಾ? ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮನೆಗೆ ಹೊಸದಾಗಿ ಬಂದ ಸೊಸೆಯಂದಿರು, ಅಳಿಯಂದಿರು ಪೂರ್ತಿ ಓದಿ. ಹಳಬರು ನೇರವಾಗಿ ಮಟನ್ ಪ್ರಶ್ನೆಗೆ ಹೋಗಿ, ನಿಮಗೆ ಬೇಕಿರುವುದು ಹೇಗೂ ಅದೇ.

ಏನಿದು ಹಿದುಕೋ ಭಾನುವಾರ?

ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮ ಮನೆತನದವರೆಲ್ಲ ಊರಿನ ಹಳೇ ಮನೆಯಲ್ಲಿ ಸೇರುತ್ತೇವೆ. ಊರು ಕೋಲಾರ ತಾಲ್ಲೂಕಿನಲ್ಲಿ, ವೇಮಗಲ್ ಕಡೆ. ಸೇರಿ ಅವರೆಕಾಳು ಹಿದುಕುತ್ತೇವೆ, ಅಂದರೆ ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸುತ್ತೇವೆ. ಹಿದುಕಿದ ಬೇಳೆ ಸಾರು ಮಾಡಿ ರಾಗಿ ಮುದ್ದೆ ಜೊತೆ ಉಣ್ಣುತ್ತೇವೆ. ಅಷ್ಟೇ. ವೇದಿಕೆ ಇಲ್ಲ, ಮೈಕ್ ಇಲ್ಲ, ಶಾಲು ಹೊದಿಸಿ ಹಾರ ಹಾಕುವುದೂ ಇಲ್ಲ. ಚಿಕ್ಕಪ್ಪನೊಬ್ಬರು ಒಂದು ವರ್ಷ ಎಲ್ಲರ ಫೋಟೋ ಹಾಕಿಸಿ ದೊಡ್ಡ ಫ್ಲೆಕ್ಸ್ ಮಾಡಿಸಿಕೊಂಡು ಬಂದರು. ಅದೀಗ ಹುಲ್ಲಿನ ಮೆದೆಯನ್ನು ಮಳೆಯಿಂದ ಕಾಯುತ್ತಿದೆ.

ಶುರುವಾಗಿದ್ದು ಹೇಗೆ?

ಭಾಗದ ಜಗಳದಿಂದ.

ಮುತ್ತಾತನಿಗೆ ನಾಲ್ಕು ಗಂಡು, ಎರಡು ಹೆಣ್ಣು. ಗಂಡುಮಕ್ಕಳಲ್ಲಿ ಮೂರನೆಯವರು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದರು, ಉಳಿದವರು ಹೊಲ ನೋಡಿಕೊಂಡರು. ಆಮೇಲೆ ಭಾಗವಾಯಿತು. ಹೊಲ, ದನ, ಹಂಡೆ, ತಪ್ಪಲೆ, ಬಾವಿ ನೀರಿನ ಪಾಳಿ ಎಲ್ಲ ಹಂಚಿಹೋಯಿತು, ಜೊತೆಗೆ ಮಾತೂ ನಿಂತುಹೋಯಿತು. ಒಂದೇ ಬೀದಿಯಲ್ಲಿ ಎದುರಿಗೆ ಬಂದರೂ ಮುಖ ತಿರುಗಿಸಿಕೊಂಡು ಹೋಗುವಷ್ಟು.

ಅವರೆಕಾಯಿ ಕಾಲ ಬಂತು. ಮುತ್ತಜ್ಜಿ ತನ್ನ ಪಾಲಿನ ಕಾಯಿಯನ್ನೆಲ್ಲ ಸುಲಿಸಿ, ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ನಾಲ್ಕೂ ಮನೆಗೆ ಹೇಳಿಕಳಿಸಿದರಂತೆ: "ಕಾಳು ನೆನೆದೈತೆ. ನನ್ನೊಬ್ಬಳ ಕೈಲಿ ಆಗಲ್ಲ. ಸಂಜೆಗೆ ಹುಳಿಯಾಗುತ್ತೆ." ನಮ್ಮವರು ಮಾತು ಬಿಟ್ಟಾರು, ಕಾಳು ಕೆಡೋಕೆ ಬಿಡುವವರಲ್ಲ. ಬಂದರು. ಪಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಮಧ್ಯಾಹ್ನದವರೆಗೆ ಹಿದುಕಿದರು. ಮೊದಲು ಬಾಯಿ ಬಿಟ್ಟಿದ್ದು ಎರಡನೇ ಸೊಸೆ, ಅದೂ "ಈ ಕಾಳು ಸರಿಯಾಗಿ ನೆನೆದಿಲ್ಲ" ಅಂತ. ಮುಂದಿನ ವರ್ಷವೂ ಅಜ್ಜಿ ಹಾಗೇ ಹೇಳಿಕಳಿಸಿದರು.

ಊಟಕ್ಕೆ ಬನ್ನಿ ಅಂತ ಕರೆದಿದ್ದರೆ ಒಬ್ಬರೂ ಬರುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. ಕೆಲಸಕ್ಕೆ ಕರೆದರು, ಅದಕ್ಕೆ ಬಂದರು. ಇವತ್ತಿಗೂ ನಮ್ಮ ಕಟ್ಟುಪಾಡುಗಳೆಲ್ಲ ಇದರ ಮೇಲೇ ನಿಂತಿವೆ.

ಭಾನುವಾರವೇ ಯಾಕೆ?

ಗಣಿಯಲ್ಲಿದ್ದ ತಾತನಿಗೆ ರಜ ಇದ್ದಿದ್ದು ಭಾನುವಾರ. ಕೆಜಿಎಫ್‌ನಿಂದ ಬಂಗಾರಪೇಟೆಗೆ ಬಂದು, ಅಲ್ಲಿಂದ ಸಣ್ಣ ರೈಲು ಹಿಡಿದು ಕೋಲಾರದಲ್ಲಿ ಇಳಿದು, ಬಸ್ಸಿಗೆ ಕಾಯಬೇಕಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಣ್ಣ ರೈಲು ಹೋಗಿ ಬ್ರಾಡ್‌ಗೇಜ್ ಬಂತು. ಭಾನುವಾರ ಮಾತ್ರ ಹಾಗೇ ಉಳಿದಿದೆ. ಈಗ ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಹುಡುಗರಿಗೆ ಭಾನುವಾರವೂ ರಜ ಸಿಗುವುದು ಕಷ್ಟ. ಅವರು ನೈಟ್ ಶಿಫ್ಟ್ ಮುಗಿಸಿ ನೇರ ಬಂದು, ಒಂದು ಮೂಲೆಯಲ್ಲಿ ಮಲಗಿ, ಮಧ್ಯಾಹ್ನ ಎದ್ದು ಪಾತ್ರೆ ತೊಳೆಯುತ್ತಾರೆ. ಅದೂ ಕೆಲಸವೇ.

ತಾರೀಖು ಹೇಗೆ ಗೊತ್ತಾಗುತ್ತೆ?

ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ. ಯುಗಾದಿ, ಗೌರಿ-ಗಣೇಶದ ಹಾಗೆ ಪ್ರತಿ ವರ್ಷ ಹಿಂದೆ ಮುಂದೆ ಓಡಾಡುವುದಿಲ್ಲ. ಜನವರಿ 14, ಇಲ್ಲಾಂದ್ರೆ 15. ಅದರ ಹಿಂದಿನ ಭಾನುವಾರ ನಮ್ಮದು. ಹಬ್ಬ ಸೋಮವಾರವೋ ಮಂಗಳವಾರವೋ ಬಿದ್ದರೆ ಇನ್ನೂ ಒಂದು ವಾರ ಹಿಂದಕ್ಕೆ ಹೋಗುತ್ತೇವೆ. ಮನೆ ತೊಳೆಯುವುದು, ಕೊಬ್ಬರಿ ಹೆಚ್ಚುವುದು, ಎಳ್ಳು ಹುರಿಯುವುದು ಬಾಕಿ ಇಟ್ಟುಕೊಂಡು ಯಾರ ಮನೆ ಹೆಂಗಸರೂ ನೆಮ್ಮದಿಯಾಗಿ ಕೂರುವುದಿಲ್ಲ.

ಮೇ ರಜೆಯಲ್ಲಿ ಇಟ್ಟುಕೊಂಡರೆ ಮಕ್ಕಳಿಗೆ ಅನುಕೂಲ ಅಲ್ವಾ?

ಅನುಕೂಲವೇ. ಆದರೆ ಮೇ ತಿಂಗಳಿನಲ್ಲಿ ಹಿದುಕುವುದು ಏನನ್ನ? ನಮ್ಮ ಕಡೆ ನಾಟಿ ಅವರೆಯನ್ನು ರಾಗಿ ಹೊಲದಲ್ಲೇ, ರಾಗಿ ಸಾಲುಗಳ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಾರೆ. ರಾಗಿ ಕೊಯ್ದರೂ ಅವರೆ ಸಾಲು ನಿಂತಿರುತ್ತದೆ. ಈ ಗಿಡ ಹಗಲು ಕಿರಿದಾಗುವವರೆಗೂ ಹೂ ಬಿಡುವುದಿಲ್ಲ. ಹಗಲು ಕಿರಿದಾಗಿ, ಹೂ ಬಿಟ್ಟು, ಕಾಯಿ ಬಲಿಯುವ ಹೊತ್ತಿಗೆ ಡಿಸೆಂಬರ್, ಜನವರಿ. ನಮ್ಮ ರಜೆ ನೋಡಿಕೊಂಡು ಅದು ಬರುವುದಿಲ್ಲ.

ವರ್ಷವಿಡೀ ಸಿಗುವ ಅವರೆಯೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಸೊಗಡು ಕೇಳಬೇಡಿ.

ಸೊಗಡು ಅಂದರೆ ಅಷ್ಟೇನು ದೊಡ್ಡದು?

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಕ್ಕಳ ಪ್ರಶ್ನೆ ಇದು. ನಮ್ಮ ದೊಡ್ಡಮ್ಮ ಕಾಯಿ ಕೊಳ್ಳುವುದನ್ನು ಒಂದು ಸಲ ನಿಂತು ನೋಡಿ. ಮೂಟೆಯ ಮೇಲಿನ ಕಾಯಿ ಮುಟ್ಟುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಒಂದು ಕಾಯಿಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಬೆರಳು ಅಂಟುತ್ತದಾ ಅಂತ ನೋಡುತ್ತಾರೆ. ಅಂಟಬೇಕು. ಆಮೇಲೆ ಅದೇ ಬೆರಳನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ. ವ್ಯಾಪಾರಿ ಅಷ್ಟು ಹೊತ್ತೂ ಸುಮ್ನೆ ನಿಂತಿರುತ್ತಾನೆ. ದೊಡ್ಡಮ್ಮ ಕಣ್ಣು ಬಿಟ್ಟು "ನೆನ್ನೆದು" ಅಂದರೆ ಅವನು ರೇಟು ಇಳಿಸಲೇಬೇಕು.

ಸೊಗಡು ಇರುವುದು ಸಿಪ್ಪೆಯ ಮೇಲಿನ ಆ ಅಂಟಿನಲ್ಲೇ. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ನಮ್ಮ ಕಡೆಯ ಮಾತು. ಸಂಜೆಯ ಹೊತ್ತಿಗೆ ನಿಮ್ಮ ಕೈ, ಸೀರೆ ಸೆರಗು, ಮೊಬೈಲಿನ ಕವರ್ ಎಲ್ಲ ಅದೇ ವಾಸನೆ. ಉಗುರು ಕಪ್ಪಾದರೆ ನಿಂಬೆ ಸಿಪ್ಪೆಯಲ್ಲಿ ಉಜ್ಜಿ. ಸೋಮವಾರ ಮೀಟಿಂಗ್ ಇದ್ದವರು ಇದನ್ನು ಮರೆಯಬೇಡಿ.

ನನಗೆ ಹಿದುಕೋಕೆ ಬರಲ್ಲ. ಬರಬಹುದಾ?

ಬನ್ನಿ, ಹತ್ತು ನಿಮಿಷದಲ್ಲಿ ಬರುತ್ತದೆ. ಕಾಯಿಯನ್ನು ಶನಿವಾರ ಸಂಜೆಯೇ ಸುಲಿದು, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿರುತ್ತೇವೆ. ಬೆಳಿಗ್ಗೆ ಕಾಳು ಉಬ್ಬಿ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ, ಬೇಳೆ ಪಟ್ಟಂತ ಹೊರಗೆ ಬರುತ್ತದೆ. ಬೆರಳನ್ನು ಪಾತ್ರೆಯ ಕಡೆಗೆ ತಿರುಗಿಸಿ ಒತ್ತಿ, ಇಲ್ಲಾಂದ್ರೆ ಬೇಳೆ ಹಾರಿ ಎದುರಿಗೆ ಕೂತ ಅತ್ತೆಯ ಕನ್ನಡಕಕ್ಕೆ ಬೀಳುತ್ತದೆ. ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ಸಿಪ್ಪೆ ದನಕ್ಕೆ ಹೋಗುತ್ತದೆ.

ಎರಡೂ ಕೈಯಲ್ಲಿ ಒಟ್ಟಿಗೆ ಹಿದುಕುವವರು ನಮ್ಮಲ್ಲಿ ಇಬ್ಬರೇ. ಅವರ ಪಕ್ಕ ಕೂರಬೇಡಿ, ನಿಮ್ಮ ಪಾತ್ರೆ ನೋಡಿ ನಿಮಗೇ ನಾಚಿಕೆಯಾಗುತ್ತದೆ.

ಹುಳು ಇರುತ್ತಾ?

ಇರುತ್ತದೆ. ಪಕ್ಕಕ್ಕೆ ಹಾಕಿ. ಕಿರುಚಿದರೆ ಕೋಳಿಗಳು ಓಡಿಬರುತ್ತವೆ, ಅವಕ್ಕೆ ಅಭ್ಯಾಸವಾಗಿಬಿಟ್ಟಿದೆ.

ಬೆಂಗಳೂರಿನಲ್ಲಿ ರೆಡಿ ಹಿದುಕಿದ ಬೇಳೆ ಸಿಗುತ್ತಲ್ಲ, ತಂದುಬಿಟ್ಟರೆ ಆಗಲ್ವಾ?

ಗೊತ್ತು. ಕಾಲ ಬಂದರೆ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ಮಾಡಿ ಇಟ್ಟಿರುತ್ತಾರೆ. ವಿ.ವಿ. ಪುರಂನಲ್ಲಿ ಶುರುವಾದ ಅವರೆಬೇಳೆ ಮೇಳಕ್ಕೆ ನಾವೂ ಹೋಗಿದ್ದೇವೆ. ಅವರೆಬೇಳೆ ಜಿಲೇಬಿಯನ್ನೂ ತಿಂದು ಬಂದಿದ್ದೇವೆ, ಅದರ ಬಗ್ಗೆ ಅಭಿಪ್ರಾಯ ಹೇಳಲ್ಲ. ಆದರೆ ಹಿದುಕೋ ಭಾನುವಾರಕ್ಕೆ ಪ್ಯಾಕೆಟ್ ತರಬೇಡಿ. ಇದೇ ಜಾತಿಯ ಇನ್ನೊಂದು ಪ್ರಶ್ನೆ, "ಎಲ್ಲರೂ ದುಡ್ಡು ಹಾಕಿ ಅಡುಗೆಯವರನ್ನು ಕರೆಸೋಣ" ಅನ್ನುವುದು. ಎರಡಕ್ಕೂ ಉತ್ತರ ಒಂದೇ.

ಒಂದು ವರ್ಷ ಅಡುಗೆಯವರನ್ನು ಕರೆಸಿದ್ದೂ ಆಯಿತು. ಸಾರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಂದವರೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ತಮ್ಮ ತಮ್ಮ ಮನೆಯವರ ಜೊತೆ ಮಾತಾಡಿದರು, ಫೋನ್ ನೋಡಿದರು, ಊಟ ಮಾಡಿದರು, ಮೂರು ಗಂಟೆಗೆ ಕಾರು ಹತ್ತಿದರು. ಎದುರುಬದುರು ಕೂತು ನಾಲ್ಕು ಗಂಟೆ ಬೆರಳಿಗೆ ಕೆಲಸ ಕೊಟ್ಟಾಗ ಬರುವ ಮಾತು ಕುರ್ಚಿಯಲ್ಲಿ ಕೂತಾಗ ಬರುವುದಿಲ್ಲ. ಕೈಗೆ ಕೆಲಸ ಇದ್ದರೆ ಮುಖ ನೋಡದೆಯೂ ಮಾತಾಡಬಹುದು, ನಮ್ಮ ಮನೆತನದ ಗಂಡಸರಿಗಂತೂ ಅದು ಬೇಕೇ ಬೇಕು. ಯಾರ ಮಗನಿಗೆ ಕೆಲಸ ಹೋಗಿದೆ, ಯಾರಿಗೆ ಶುಗರ್ ಬಂದಿದೆ, ಯಾರು ಸಾಲದಲ್ಲಿದ್ದಾರೆ, ಎಲ್ಲ ಹೊರಗೆ ಬರುವುದು ಎರಡನೇ ಪಾತ್ರೆ ತುಂಬುವ ಹೊತ್ತಿಗೆ.

ಮಟನ್ ಯಾಕಿಲ್ಲ?

ಹಿದುಕಿದ ಬೇಳೆಗೆ ಮಟನ್ ಹಾಕಿದರೆ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಟನ್ ಬಂದರೆ ಅವತ್ತು ಮಟನ್ ಊಟವಾಗುತ್ತದೆ, ಬೇಳೆ ಲೆಕ್ಕಕ್ಕೇ ಇರಲ್ಲ. ತಿನ್ನದ ಸೊಸೆಯಂದಿರು, ಬೀಗರು ಇದ್ದಾರೆ, ಅವರಿಗೆ ಬೇರೆ ಒಲೆ ಹೂಡಬೇಕು. ಮೊದಲು ಹಿರಿಯರಿಗೆ ಎಡೆ ಇಡುವುದೂ ಇದೇ ಸಾರನ್ನು. ಉಳಿದುಕೊಳ್ಳುವವರಿಗೆ ಸೋಮವಾರ ಕೋಳಿಯೋ ಕೈಮವೋ ಇದ್ದೇ ಇರುತ್ತದೆ. ಸೋಮವಾರ ತಿನ್ನದವರು ಸೋಮವಾರ ರಾತ್ರಿಯೂ ಉಳಿಯಿರಿ, ಮಂಗಳವಾರ ನೋಡೋಣ.

ಸಾರು ಮಾಡೋದು ಹೇಗೆ? ಅಳತೆ ಹೇಳಿ.

ಅಳತೆ ಕೇಳಿದರೆ ದೊಡ್ಡಮ್ಮ ಅಂಗೈ ತೋರಿಸುತ್ತಾರೆ. ನಾನು ನೋಡಿದ್ದು ಇಷ್ಟು: ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಸ್ವಲ್ಪ ಚಕ್ಕೆ ಲವಂಗ ಎಣ್ಣೆಯಲ್ಲಿ ಬಾಡಿಸಿ, ತೆಂಗಿನಕಾಯಿ, ಗಸಗಸೆ, ಕೊತ್ತಂಬರಿ ಸೊಪ್ಪು, ಮನೆಯ ಸಾರಿನ ಪುಡಿ ಸೇರಿಸಿ ನುಣ್ಣಗೆ ರುಬ್ಬುವುದು. ಒಗ್ಗರಣೆಗೆ ಬೇಳೆ ಹಾಕಿ ಎರಡು ಸಲ ಕೈಯಾಡಿಸಿ ನೀರು ಬಿಡುವುದು. ಬೇಳೆ ಮುಕ್ಕಾಲು ಬೆಂದ ಮೇಲೆ ಮಸಾಲೆ. ಕುಕ್ಕರ್ ಬೇಡ. ಬೇಳೆ ಬೇಗ ಬೇಯುತ್ತದೆ, ಸೌಟನ್ನು ಜೋರಾಗಿ ಆಡಿಸಿದರೆ ಒಡೆದು ಹಿಟ್ಟಾಗುತ್ತದೆ. ಸಾರಿನಲ್ಲಿ ಬೇಳೆ ಇಡಿಯಾಗಿ ಕಾಣಬೇಕು. ಅಷ್ಟು ಜನ ಕೂತು ಒಂದೊಂದೇ ಹಿದುಕಿದ್ದು ಹಿಟ್ಟು ಮಾಡೋಕಲ್ಲ.

ಹೊಸ ಅಳಿಯ ಮುದ್ದೆ ತೊಳಸಬೇಕಂತೆ, ನಿಜಾನಾ?

ನಿಜ. ಮದುವೆಯಾದ ಮೊದಲ ವರ್ಷ ಅಳಿಯ ಮುದ್ದೆ ಕೋಲು ಹಿಡಿಯಲೇಬೇಕು. ಹೆದರಬೇಡಿ, ಪಕ್ಕದಲ್ಲಿ ಹಳೇ ಅಳಿಯಂದಿರು ಇರುತ್ತಾರೆ. ಗಂಟಾದರೆ ಆ ಮುದ್ದೆ ಅವರ ತಟ್ಟೆಗೇ. ಎಂಜಿನಿಯರ್ ಅಳಿಯನೊಬ್ಬರು ಮನೆಯಲ್ಲಿ ವಿಡಿಯೋ ನೋಡಿ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಒಂದು ಸೇರು ಹಿಟ್ಟಿನಲ್ಲಿ ಮಾಡಿದ ಅಭ್ಯಾಸ ಇಷ್ಟು ದೊಡ್ಡ ತಪ್ಪಲೆಯ ಮುಂದೆ ಏನೂ ಅಲ್ಲ ಅಂತ ಕೋಲು ತಿರುಗದೆ ನಿಂತಾಗ ಗೊತ್ತಾಯಿತು. ಈಗ ತೊಳಸುವುದರಲ್ಲಿ ಅವರೇ ಮುಂದು.

ಹೆಣ್ಣುಮಕ್ಕಳ ಕಡೆಯವರೂ ಮನೆತನದವರೇನಾ?

ಹೌದು, ಇದರಲ್ಲಿ ಚರ್ಚೆ ಇಲ್ಲ. ಒಂದು ಕಾಲದಲ್ಲಿ ಇತ್ತು. ನಮ್ಮಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಆ ವರ್ಷ ಎಷ್ಟು ಕಾಯಿ ತಂದರು, ಏನು ರೇಟು, ಯಾರು ಬಂದರು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು, ಎಲ್ಲ ಅದರಲ್ಲಿದೆ. ಹಳೇ ಹಾಳೆಗಳಲ್ಲಿ ಅಳತೆ ಸೇರಿನಲ್ಲಿ, ಈಚಿನವುಗಳಲ್ಲಿ ಕೆಜಿಯಲ್ಲಿ. ಹಳೇ ಹಾಳೆಗಳಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರಿದೆ. ಹೆಣ್ಣು ಹುಟ್ಟಿದ್ದರೆ ಹೆಸರಿಲ್ಲ, "ಹೆಣ್ಣು" ಅಂತ ಅಷ್ಟೇ. 2005ರ ಕಾನೂನು ತಿದ್ದುಪಡಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಆಯಿತು. ನಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಬಂದಿದ್ದು ಅದಕ್ಕೂ ಆಮೇಲೆ.

ಬರೆಸಿದ್ದು ನಮ್ಮ ಸೋದರತ್ತೆ. ಅವತ್ತು ಕಾಳು ಹಿದುಕುತ್ತಾ ಕೂತವರು ಹಠಾತ್ತನೆ ಪಾತ್ರೆ ಪಕ್ಕಕ್ಕಿಟ್ಟು, "ಪುಸ್ತಕದಲ್ಲಿ ಇಲ್ಲದವರ ಕೈ ಯಾಕೆ ಬೇಕು?" ಅಂದರು. ಉಳಿದ ಹೆಣ್ಣುಮಕ್ಕಳೂ ಇಟ್ಟರು. ಕಾಳು ಹಾಗೇ ಉಳಿಯಿತು. ಅರ್ಧ ಗಂಟೆಯಲ್ಲಿ ದೊಡ್ಡಪ್ಪ ಪೆನ್ನು ಹುಡುಕಿಕೊಂಡು ಬಂದರು. ಹಳೇ ಹಾಳೆಗಳಲ್ಲಿ "ಹೆಣ್ಣು" ಅಂತಿದ್ದ ಕಡೆಯೆಲ್ಲ ಈಗ ನೀಲಿ ಶಾಯಿಯಲ್ಲಿ ಹೆಸರುಗಳಿವೆ.

ಖರ್ಚು?

ಒಲೆಗೆ ಇಷ್ಟು ಅಂತ. ತಲೆಗೆ ಅಲ್ಲ. ಒಂದೇ ಒಲೆಯಲ್ಲಿ ಉಣ್ಣುವವರು ಹತ್ತು ಜನ ಇದ್ದರೂ ಒಂದೇ ಪಾಲು, ಹಾಗಾಗಿ ಮಕ್ಕಳು ಮರಿ ಜಾಸ್ತಿ ಇರುವವರು ಹಿಂದೆಮುಂದೆ ನೋಡದೆ ಬರುತ್ತಾರೆ. ಮೊತ್ತ ಆ ವರ್ಷದ ಕಾಯಿ ರೇಟಿನ ಮೇಲೆ. ಲೆಕ್ಕ ನೋಡುವುದು ಪಾಳಿ ಪ್ರಕಾರ. ಈ ಸಲ ಯಾರ ಪಾಳಿ ಅಂತ ಅವರಿಗೆ ಗೊತ್ತು, ಫೋನ್ ತೆಗೆಯುತ್ತಿಲ್ಲ.

ಮನೆಯಲ್ಲಿ ತೆಲುಗು ಜಾಸ್ತಿ ಮಾತಾಡ್ತಾರಂತೆ. ನನಗೆ ಬರಲ್ಲ.

ಕೋಲಾರದ ಮನೆ ಅಂದ ಮೇಲೆ ಅದು ಇದ್ದಿದ್ದೇ. ಮಾತು ಕನ್ನಡದಲ್ಲಿ ಶುರುವಾಗಿ, ನಡುವೆ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತದೆ. ಬೈಗುಳ ಮಾತ್ರ ಪೂರ್ತಿ ತೆಲುಗು. ಮುಳಬಾಗಿಲು ಕಡೆಯ ಅತ್ತೆಯಂದಿರು "ಪಿತಿಕಿನ ಪಪ್ಪು" ಅಂದರೆ ನಿಮ್ಮ ಮುಂದಿರುವ ಬೇಳೆಯೇ, ಬೇರೇನೋ ಕೇಳುತ್ತಿದ್ದಾರೆ ಅಂತ ಹುಡುಕಲು ಹೋಗಬೇಡಿ.

"ಮದುವೆ ಯಾವಾಗ" ಅಂತ ಕೇಳ್ತಾರಾ?

ಕೇಳುತ್ತಾರೆ. ಅದಕ್ಕೆ ಹುಡುಗಿಯರೇ ಒಂದು ದಂಡ ಮಾಡಿದ್ದಾರೆ. ಯಾರು ಕೇಳಿದರೋ ಅವರ ಮಡಿಲಿಗೆ ನಿಮ್ಮ ಪಾತ್ರೆ ಇಟ್ಟು ಎದ್ದು ಹೋಗಬಹುದು, ಉಳಿದ ಕಾಳು ಅವರೇ ಹಿದುಕಬೇಕು. "ಮಗು ಯಾವಾಗ" ಅನ್ನುವುದಕ್ಕೂ ಇದು ಅನ್ವಯ. ದಂಡ ಬಂದ ಮೇಲೆ ಪ್ರಶ್ನೆ ನಿಂತಿಲ್ಲ, ಆದರೆ ಕೇಳುವವರು ಮೊದಲು ನಿಮ್ಮ ಪಾತ್ರೆಯಲ್ಲಿ ಎಷ್ಟು ಕಾಳು ಉಳಿದಿದೆ ಅಂತ ನೋಡಿಕೊಳ್ಳುತ್ತಾರೆ.

ಆಸ್ತಿ ವಿಷಯ ಮಾತಾಡಬಹುದಾ?

ಹೊತ್ತು ಮುಳುಗುವವರೆಗೆ ಬೇಡ. ಪಹಣಿ, ಪೋಡಿ, ಸೈಟು, ಫ್ಯಾಕ್ಟರಿಗೆ ಹೋದ ಜಮೀನಿನ ದುಡ್ಡು, ಯಾವುದೂ ಬೇಡ. ಈ ಕಡೆ ಜಮೀನಿನ ಬೆಲೆ ಏರಿದ ಮೇಲೆ ಈ ಕಟ್ಟುಪಾಡು ಹಿಂದಿಗಿಂತ ಬಿಗಿಯಾಗಿದೆ. ಕತ್ತಲಾದ ಮೇಲೆ ಜಗುಲಿಯಲ್ಲಿ ನಿಮ್ಮ ಇಷ್ಟ.

ಮಕ್ಕಳಿಗೆ ಏನಿದೆ?

ಚೌಕಾಬಾರ, ಅಳಗುಳಿಮಣೆ, ಹಿದುಕುವ ಪಂದ್ಯ. ಪಂದ್ಯದಲ್ಲಿ ಒಡೆದ ಬೇಳೆಗೆ ಅಂಕ ಕಳೆಯುತ್ತೇವೆ. ಕ್ರಿಕೆಟ್ ಕೂಡ ಇತ್ತು, ಕೆರೆ ಅಂಗಳದಲ್ಲಿ. ನಾವು ಚಿಕ್ಕವರಿದ್ದಾಗ ಕೆರೆ ಅಂದರೆ ಒಣಗಿದ ಬಯಲು, ಜಾಲಿ ಮುಳ್ಳು. ಪಿಚ್ಚನ್ನು ಯಾರೂ ಮಾಡಬೇಕಿರಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಆಮೇಲೆ ನಮ್ಮ ಕೆರೆಗೂ ನೀರು ಬಂತು, ಪಿಚ್ ಮುಳುಗಿತು. ಬೋರ್‌ವೆಲ್‌ಗಳಿಗೆ ಜೀವ ಬಂತು ಅಂತ ದೊಡ್ಡವರಿಗೆ ಖುಷಿ. ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಬಿಡಬೇಕು ಅಂತ ಜಿಲ್ಲೆಯಲ್ಲಿ ಕೂಗು ಇದೆ, ಹಾಗಾಗಿ ಮಕ್ಕಳನ್ನು ಕೆರೆಗೆ ಇಳಿಸಬೇಡಿ. ಏರಿ ಮೇಲೆ ನಿಂತು ಹಕ್ಕಿ ನೋಡಲಿ. ಕ್ರಿಕೆಟ್ ಈಗ ಕೊಯ್ದ ರಾಗಿ ಹೊಲದಲ್ಲಿ. ಕೂಳೆ ಚುಚ್ಚುತ್ತದೆ, ಚಪ್ಪಲಿ ಇರಲಿ.

ಯಾವತ್ತಾದರೂ ನಿಂತಿದೆಯಾ?

2022ರ ಜನವರಿಯಲ್ಲಿ ನಿಲ್ಲುವುದರಲ್ಲಿತ್ತು. ಕೊರೊನಾ ಮೂರನೇ ಅಲೆ, ವಾರಾಂತ್ಯದ ಕರ್ಫ್ಯೂ, ಭಾನುವಾರವೇ ಬಂದ್. ಊರಿನಿಂದ ಕಾಯಿಯನ್ನು ವಾರದ ನಡುವೆಯೇ ಟೊಮೆಟೊ ಗಾಡಿಯಲ್ಲಿ ಬೆಂಗಳೂರಿಗೆ ಕಳಿಸಿ, ಮನೆಮನೆಗೆ ಹಂಚಿದೆವು. ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಕೂತು ಹಿದುಕಿದರು. ಮೈಕ್ ಮ್ಯೂಟ್ ಮಾಡೋಕೆ ಅರ್ಧ ಜನಕ್ಕೆ ಬರುತ್ತಿರಲಿಲ್ಲ, ಅದರಿಂದ ಹಳೇ ಮನೆಯ ಗದ್ದಲಕ್ಕೆ ಏನೂ ಕಡಿಮೆಯಾಗಲಿಲ್ಲ. ದೊಡ್ಡಮ್ಮ ಮಾತ್ರ ಎಲ್ಲರ ಪಾತ್ರೆಯನ್ನೂ ಕ್ಯಾಮೆರಾ ಮುಂದೆ ತೋರಿಸಲು ಹೇಳಿದರು.

ಗ್ಯಾಸ್ ಆಗಲ್ವಾ?

ಆಗುತ್ತದೆ. ಸಿಪ್ಪೆ ತೆಗೆದಿರುವುದರಿಂದ ಇಡೀ ಕಾಳಿನಷ್ಟು ಅಲ್ಲ.

ಬರೋದು ಹೇಗೆ, ಮಲಗೋದು ಎಲ್ಲಿ?

ಬೆಂಗಳೂರಿನಿಂದ ಹೊಸಕೋಟೆ ದಾಟಿ ಹೆದ್ದಾರಿಯಲ್ಲಿ ಬಂದು ನರಸಾಪುರದಲ್ಲಿ ಎಡಕ್ಕೆ. ಬಸ್ಸಿನವರು ಕೋಲಾರಕ್ಕೆ ಬಂದು ವೇಮಗಲ್ ಬಸ್ಸು ಹಿಡಿಯಿರಿ. ಶನಿವಾರ ಸಂಜೆಯೇ ಬಂದರೆ ಕಾಯಿ ಸುಲಿಯಲು ಕೈ ಸಿಗುತ್ತದೆ. ಮಲಗುವುದು ನಡುಮನೆ, ಜಗುಲಿ, ಮಾಳಿಗೆ, ಎಲ್ಲಿ ಜಾಗ ಇದೆಯೋ ಅಲ್ಲಿ. ಚಳಿ ಇರುತ್ತದೆ, ಹೊದಿಕೆ ನಿಮ್ಮದೇ ತನ್ನಿ. ಕುಡಿಯಲು ಬೋರ್ ನೀರು ಬೇಡ, ನಮ್ಮ ಕಡೆಯದರಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದಿಟ್ಟಿರುತ್ತೇವೆ. ಬಚ್ಚಲು ಎರಡೇ, ಬೇಗ ಏಳಿ.

ಸೋಮವಾರ ರಜ ಹಾಕಿದವರು ಬೆಳಿಗ್ಗೆ ಸೀತಿ ಬೆಟ್ಟಕ್ಕೆ ಹೋಗಿ ಬರಬಹುದು, ಹತ್ತಿರದಲ್ಲೇ ಇದೆ. ಕೋಲಾರಮ್ಮನ ಗುಡಿ ನೋಡಬೇಕು ಅನ್ನುವವರು ವಾಪಸ್ ಹೋಗುವಾಗ ಕೋಲಾರದ ಮೇಲೆ ಹೋಗಿ.

ಮನೆಗೆ ಬೇಳೆ ಕೊಡ್ತೀರಾ?

ಒಲೆಗೆ ಒಂದು ಡಬ್ಬ. ಬರಲಾಗದ ವಯಸ್ಸಾದವರ ಪಾಲನ್ನು ಅವರ ಕಡೆಗೆ ಹೋಗುವವರ ಕೈಯಲ್ಲಿ ಕಳಿಸುತ್ತೇವೆ. ಆರಾಮಾಗಿದ್ದೂ ಬರದವರಿಗೆ ಇಲ್ಲ. ಬೇಳೆಯನ್ನು ಅವತ್ತೇ ಫ್ರಿಜ್ಜಿಗೆ ಇಡಿ, ಕಾರಿನಲ್ಲಿ ಮರೆತರೆ ಹುಳಿಯಾಗುತ್ತದೆ. ಡಬ್ಬ ನೀವೇ ತನ್ನಿ. ಹೋದ ವರ್ಷ ಒಯ್ದ ಹಳೇ ಮನೆಯ ಸ್ಟೀಲ್ ಡಬ್ಬಗಳನ್ನೂ ಮುಚ್ಚಳದ ಸಮೇತ ವಾಪಸ್ ತನ್ನಿ, ದೊಡ್ಡಮ್ಮನ ಹತ್ತಿರ ಹೆಸರುಗಳ ಪಟ್ಟಿ ಇದೆ.